ಕಿತ್ತುಕೊಂಡದ್ದು ತ್ಯಾಗವಾದೀತೆ?

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕೆಂಬ ನಿಯಮವು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ದೀಪ ಹಚ್ಚಿದ ಮೇಲೆ ಒಲೆ ಹೊತ್ತಿಸದ ಮನೆಗಳು ಇಂದಿಗೂ ನಮ್ಮಲ್ಲಿ ಉಂಟು. ಆದರೆ ಅದೇ ಮನೆಗಳಲ್ಲಿ ಬಾಯಿಯ ಊಟ ಮುಗಿದ ಮೇಲೆ ಕಣ್ಣಿನ ಊಟ ಆರಂಭವಾಗುತ್ತದೆ. ನಡುರಾತ್ರಿಯಾದರೂ ಅದು ಮುಗಿಯುವುದಿಲ್ಲ. ಅನ್ನ ಉಣ್ಣುವವನಿಗೆ ಹೊಟ್ಟೆ ತುಂಬುವುದೆಂಬ ಒಂದು ಎಲ್ಲೆಯಾದರೂ ಇದೆ. ಮೊಬೈಲಿನ ಪರದೆಯನ್ನು ನೋಡುತ್ತ ಕುಳಿತ ಕಣ್ಣಿಗೆ ಆ ಎಲ್ಲೆಯೂ ಇಲ್ಲ. ಹದಿಹರೆಯದ ಮಕ್ಕಳಿರುವ ಯಾವ ಶ್ರಾವಕನ ಮನೆಯೂ ಈ ಚಿಂತೆಯಿಂದ ಹೊರತಾಗಿ ಉಳಿದಿಲ್ಲ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿರುವ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣ. ಹತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗ ಕಳೆದ ದಶಲಕ್ಷಣ ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯಂದು, ಮೊದಲ ಬಾರಿಗೆ ಪೂರ್ಣ ಉಪವಾಸ ಮಾಡಿದ್ದ. ಸಿರುಗುಪ್ಪದಿಂದಲೂ ಕುರುಗೋಡಿನಿಂದಲೂ ಬಂದಿದ್ದ ನೆಂಟರೆಲ್ಲ ಅವನ ಬೆನ್ನು ತಟ್ಟಿ ಸಂತೋಷಪಟ್ಟರು. ಅಂದು ರಾತ್ರಿ ಒಂದು ಗಂಟೆಯ ಹೊತ್ತಿಗೆ ನನ್ನ ಮಗ ಎದ್ದು ನೋಡಿದಾಗ ಹುಡುಗನ ಹೊದಿಕೆಯ ಒಳಗಿನಿಂದ ಬೆಳಕು ಕಂಡಿತು. ಕೋಪದಿಂದ ಮೊಬೈಲನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ. ಮರುದಿನ ಬೆಳಗ್ಗೆ ಪಾರಣೆಗೆ ಕುಳಿತ ಹುಡುಗ ತಟ್ಟೆಯನ್ನು ಮುಟ್ಟದೆ ನನ್ನತ್ತ ತಿರುಗಿ, "ತಾತ, ಊಟವನ್ನು ನಾನೇ ಬಿಟ್ಟೆ, ಅದಕ್ಕೆ ವ್ರತ ಎಂದಿರಿ. ಮೊಬೈಲನ್ನು ಅಪ್ಪ ಕಿತ್ತುಕೊಂಡರು; ಇದಕ್ಕೆ ಏನೆನ್ನುತ್ತೀರಿ?" ಎಂದು ಕೇಳಿದ.

ನನ್ನಲ್ಲಿ ಉತ್ತರವಿರಲಿಲ್ಲ. ಹಿರಿಯರ ಮಾತು ಕೇಳಬೇಕೆಂದು ಹೇಳಿ ಅವನ ಬಾಯಿ ಮುಚ್ಚಿಸಿದೆ. ಹದಿನೈದು ದಿನ ಕಳೆಯುವುದರೊಳಗೆ, ಅವನು ಗೆಳೆಯನೊಬ್ಬನ ಹಳೆಯ ಮೊಬೈಲನ್ನು ಕೇಳಿ ತಂದು ಪುಸ್ತಕದ ಚೀಲದಲ್ಲಿ ಅಡಗಿಸಿಟ್ಟಿರುವುದು ತಿಳಿದುಬಂತು. ವಿಚಾರಿಸಿದಾಗ ಸುಳ್ಳು ಹೇಳಿದ. ಅದುವರೆಗೆ ನಮ್ಮ ಮನೆಯಲ್ಲಿ ಇದ್ದದ್ದು ಪ್ರಮಾದವೆಂಬ ಒಂದು ದೋಷ ಮಾತ್ರ. ನಾವು ಹಾಕಿದ ಬೀಗದಿಂದ ಅಸತ್ಯವೆಂಬ ಎರಡನೆಯ ದೋಷವೂ ಬಂದು ಸೇರಿತು. ಅಂದಿನಿಂದ ಆ ಹುಡುಗನ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ವ್ರತ ಹಿಡಿಯಲು ಸಾಧ್ಯವೆ? ಕಿತ್ತುಕೊಂಡದ್ದು ತ್ಯಾಗವಾದೀತೆ?

ಹಿಂಸಾದಿಗಳಿಂದ ವಿರತಿಯೇ ವ್ರತವೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ತಿಳಿಸುತ್ತದೆ. ವಿರತಿಯೆಂದರೆ ತಾನಾಗಿ ಹಿಂದೆ ಸರಿಯುವುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಮತ್ತಷ್ಟು ಸ್ಪಷ್ಟಪಡಿಸಿ, ಇದು ಮಾಡತಕ್ಕದ್ದು, ಇದು ಮಾಡತಕ್ಕದ್ದಲ್ಲ ಎಂದು ಸಂಕಲ್ಪಪೂರ್ವಕವಾಗಿ ಮಾಡಿಕೊಂಡ ನಿಯಮವೇ ವ್ರತವೆಂದು ವಿವರಿಸಿದ್ದಾರೆ. ಸಂಕಲ್ಪವಿಲ್ಲದ ಕಡೆ ವ್ರತವಿಲ್ಲ. ಅನ್ನ ದೊರೆಯದವನ ಹಸಿವನ್ನು ಯಾರೂ ಉಪವಾಸವೆಂದು ಕರೆಯುವುದಿಲ್ಲ. ಸೆರೆಮನೆಯಲ್ಲಿರುವವನು ಊರೂರು ತಿರುಗದಿರುವುದು ದಿಗ್‌ವ್ರತವೆನಿಸುವುದಿಲ್ಲ. ಹಾಗೆಯೇ ಬೀರುವಿನಲ್ಲಿ ಬೀಗ ಹಾಕಿದ ಮೊಬೈಲು ಆ ಹುಡುಗನ ಪಾಲಿಗೆ ಅಭಾವವೇ ಹೊರತು ತ್ಯಾಗವಲ್ಲ. ಅಭಾವದಲ್ಲಿ ಆಸೆ ಕುಂದುವುದಿಲ್ಲ, ಒಳಗೇ ಬೆಳೆಯುತ್ತದೆ. ಅವನ ಪ್ರಶ್ನೆ ಉದ್ಧಟತನದ್ದಾಗಿರಲಿಲ್ಲ, ಶಾಸ್ತ್ರಸಮ್ಮತವಾಗಿತ್ತು.

ಹಾಗಾದರೆ ಮಕ್ಕಳನ್ನು ಅವರ ಇಚ್ಛೆಗೆ ಬಿಟ್ಟುಬಿಡಬೇಕೆ? ಇದಕ್ಕೆ ಉತ್ತರ ಹೇಳುವ ಮುನ್ನ ಆ ವಸ್ತುವಿನ ಸ್ವರೂಪವನ್ನೂ ಅದು ಯಾವ ವ್ರತದ ವ್ಯಾಪ್ತಿಗೆ ಬರುತ್ತದೆಂಬುದನ್ನೂ ವಿಚಾರಿಸುವುದು ಯುಕ್ತ.

ಮೊಬೈಲು ಭೋಗೋಪಭೋಗದ ವಸ್ತುವೆಂದು ಎಲ್ಲರಿಗೂ ಮೊದಲು ತೋರುತ್ತದೆ. ಅದು ನಿಜವೇ. ಆದರೆ ಅದರ ನಿಜವಾದ ಶಕ್ತಿ ತಿಳಿಯಬೇಕಾದರೆ ದೇಶವ್ರತದ ಅತಿಚಾರಗಳನ್ನು ನೋಡಬೇಕು. ಇಂತಿಷ್ಟು ಕಾಲ ಈ ಮನೆಯನ್ನು, ಈ ಬೀದಿಯನ್ನು, ಈ ಊರನ್ನು ದಾಟುವುದಿಲ್ಲವೆಂದು ಎಲ್ಲೆ ಹಾಕಿಕೊಂಡ ಶ್ರಾವಕನು ದೇಹದಿಂದ ಎಲ್ಲೆಯೊಳಗೆ ಇದ್ದೂ ವ್ರತವನ್ನು ಕೆಡಿಸಿಕೊಳ್ಳಬಹುದಾದ ಐದು ಬಗೆಗಳನ್ನು ಸೂತ್ರಕಾರರು ಹೆಸರಿಸಿದ್ದಾರೆ. ಎಲ್ಲೆಯಾಚೆಯ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ಆಳನ್ನು ಅಟ್ಟಿ ಆಚೆಯ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿ ಕೂಗಿ ಆಚೆಯವರಿಗೆ ಸೂಚನೆ ಕೊಡುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಸೆಳೆಯುವುದು ರೂಪಾನುಪಾತ. ಕಲ್ಲು ಹೆಂಟೆಗಳನ್ನು ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ.

ಈ ಐದನ್ನೂ ಒಂದೇ ಕರಡಿಗೆಯಲ್ಲಿ ತುಂಬಿ ಮಗುವಿನ ಅಂಗೈಯಲ್ಲಿ ಇಟ್ಟರೆ ಅದೇ ಇಂದಿನ ಮೊಬೈಲು. ಕುಳಿತಲ್ಲಿಂದಲೇ ಅಂಗಡಿಯ ಸರಕನ್ನು ಬಾಗಿಲಿಗೆ ತರಿಸುವುದು ಆನಯನ. ಬಂದ ಸಂದೇಶವನ್ನು ಓದದೆಯೇ ಹತ್ತು ಗುಂಪುಗಳಿಗೆ ಅಟ್ಟುವುದು ಪ್ರೇಷ್ಯಪ್ರಯೋಗದ ಜಾತಿಗೆ ಸೇರಿದ್ದು. ಧ್ವನಿಸಂದೇಶ ಶಬ್ದಾನುಪಾತ. ಗಳಿಗೆಗೊಮ್ಮೆ ತನ್ನ ಚಿತ್ರವನ್ನು ತಾನೇ ತೆಗೆದು ಸ್ಟೇಟಸ್ ಹಾಕುವುದು ರೂಪಾನುಪಾತ. ಹೆಬ್ಬೆರಳಿನ ಗುರುತನ್ನೂ ಹೃದಯದ ಗುರುತನ್ನೂ ಎಸೆದು, ಅವು ತನಗೆ ಎಷ್ಟು ಬಂದವೆಂದು ಎಣಿಸುತ್ತ ಕುಳಿತುಕೊಳ್ಳುವುದು ಪುದ್ಗಲಕ್ಷೇಪವಲ್ಲದೆ ಮತ್ತೇನು? ಹುಡುಗ ಮನೆಯಲ್ಲೇ ಇದ್ದಾನೆ, ಬೀದಿ ಸುತ್ತುವುದಿಲ್ಲ ಎಂದು ತಾಯಿತಂದೆಯರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅವನ ದೇಹ ಬ್ರೂಸ್‌ಪೇಟೆಯ ಮನೆಯ ಮೂಲೆಯಲ್ಲಿದೆ. ಮನಸ್ಸು ಎಲ್ಲ ದಿಕ್ಕುಗಳಲ್ಲಿಯೂ ಅಲೆಯುತ್ತಿದೆ. ಎಲ್ಲೆಯೆಂಬುದು ಕಾಲಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂದು ನಮ್ಮ ಆಚಾರ್ಯರು ಎಷ್ಟೋ ಶತಮಾನಗಳ ಹಿಂದೆಯೇ ಅರಿತಿದ್ದರು.

ಇನ್ನು ಅನರ್ಥದಂಡ. ಪ್ರಯೋಜನವಿಲ್ಲದೆ ಮಾಡುವ ಪಾಪಕಾರ್ಯವೇ ಅನರ್ಥದಂಡ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಅದರ ಐದು ಭೇದಗಳಲ್ಲಿ ದುಃಶ್ರುತಿ ಮತ್ತು ಪ್ರಮಾದಚರ್ಯೆ ಎಂಬ ಎರಡು ಇಲ್ಲಿ ವಿಶೇಷವಾಗಿ ಸ್ಮರಣೀಯ. ಚಿತ್ತವನ್ನು ಕಲುಷಿತಗೊಳಿಸುವ ಸಂಗತಿಗಳನ್ನು ಕೇಳುವುದು ದುಃಶ್ರುತಿ. ಗುರಿಯಿಲ್ಲದೆ ಸುಮ್ಮನೆ ಮಾಡುತ್ತಿರುವುದು ಪ್ರಮಾದಚರ್ಯೆ. ಕುರುಗೋಡಿನ ನಮ್ಮ ಬಂಧುವೊಬ್ಬರು ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಧಾರಣೆಯನ್ನು ಮೊಬೈಲಿನಲ್ಲಿ ನೋಡಿ, ಕೂಡಲೇ ಅದನ್ನು ಜೇಬಿಗೆ ಹಾಕುತ್ತಾರೆ. ಅದು ಅರ್ಥ, ಅಂದರೆ ಪ್ರಯೋಜನವುಳ್ಳ ಕೆಲಸ. ಧಾರಣೆ ನೋಡಲೆಂದು ತೆಗೆದವನು ಒಂದು ಗಂಟೆಯ ನಂತರವೂ ಯಾರದೋ ಕುಣಿತವನ್ನು ನೋಡುತ್ತಿದ್ದರೆ ಅದು ಅನರ್ಥ. ವಸ್ತು ಒಂದೇ, ಕೈಯೂ ಒಂದೇ. ಪ್ರಯೋಜನ ಮುಗಿದ ಕ್ಷಣದಲ್ಲಿ ನಿಲ್ಲಿಸುವ ಶಕ್ತಿ ಇದೆಯೋ ಇಲ್ಲವೋ ಎಂಬುದೇ ಭೇದ.

ಆ ಶಕ್ತಿಯನ್ನು ಕುಂದಿಸುವಂತೆಯೇ ಈ ಯಂತ್ರದ ಅನೇಕ ಅಂಗಗಳು ರಚಿತವಾಗಿವೆ ಎಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು. ಪುಸ್ತಕಕ್ಕೆ ಕೊನೆಯ ಪುಟವಿದೆ, ನಾಟಕಕ್ಕೆ ಮಂಗಳವಿದೆ. ಆದರೆ 2006ರ ಸುಮಾರಿಗೆ ರೂಪುಗೊಂಡ ಒಂದು ಉಪಾಯದಿಂದ ಪುಟಕ್ಕೆ ಕೊನೆಯೇ ಇಲ್ಲದಾಯಿತು. ಬೆರಳು ಸರಿಸಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಆರಂಭವಾಗುತ್ತದೆ. ನೋಡುವವನ ಸಮಯವೇ ಜಾಹೀರಾತಿನ ಮೂಲಕ ಮಾರಾಟವಾಗುವ ಸರಕು. ಆದುದರಿಂದ ಅವನು ಏಳದಂತೆ ನೋಡಿಕೊಳ್ಳುವುದರಲ್ಲಿಯೇ ವ್ಯಾಪಾರಿಯ ಲಾಭವಿದೆ. ಖಾಲಿಯಾಗದ ತಟ್ಟೆಯ ಮುಂದೆ ಕುಳಿತ ಮಗುವನ್ನು ಹೊಟ್ಟೆಬಾಕನೆಂದು ಬೈದರಷ್ಟೇ ಸಾಲದು. 2020ರ ಮಾರ್ಚಿಯಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ನಾವೇ ಆ ತಟ್ಟೆಯನ್ನು ಅವರ ಮುಂದೆ ಇಟ್ಟವರು. ಶಾಲೆಗಳು ತೆರೆದವು, ತಟ್ಟೆಯನ್ನು ಎತ್ತಲಿಲ್ಲ.

ಇಲ್ಲಿ ಹಿರಿಯರಾದ ನಾವು ನಮ್ಮನ್ನೇ ಪರೀಕ್ಷಿಸಿಕೊಳ್ಳಬೇಕಾದ ಮಾತು ಬರುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುತ್ತದೆಂಬುದು ನಮ್ಮ ಮಕ್ಕಳಿಗೂ ತಿಳಿದ ವಿಷಯ. ಮಗು ಅಳುವುದನ್ನು ನಿಲ್ಲಿಸಲೆಂದು, ಒಂದು ತುತ್ತು ಹೆಚ್ಚು ಉಣ್ಣಲೆಂದು ಮೊಬೈಲು ಕೈಗಿತ್ತದ್ದು ಕಾರಿತ. ಎರಡು ವರ್ಷದ ಕೂಸು ತಾನಾಗಿ ಬೆರಳು ಸರಿಸಿದ್ದನ್ನು ಕಂಡು ಎಷ್ಟು ಜಾಣನೆಂದು ನೆಂಟರ ಮುಂದೆ ಹಿಗ್ಗಿದ್ದು ಅನುಮೋದನ. ಕೃತದ ವಿಷಯದಲ್ಲಿ ನಾನು ನನ್ನ ದೋಷವನ್ನೇ ಹೇಳಬೇಕು. ಸಾಮಾಯಿಕಕ್ಕೆ ಕುಳಿತಾಗ ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಅವಧಿಯನ್ನು ತಿಳಿಯಲು ನಾನು ಮೊಬೈಲನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅದು ಮಿಣುಕಿದಾಗಲೆಲ್ಲ ಕಣ್ಣು ಅತ್ತ ಹೋಗುತ್ತಿತ್ತು. ಪ್ರವಚನ ಕೇಳುವ ನೆಪದಲ್ಲಿ ರಾತ್ರಿ ಹನ್ನೊಂದರವರೆಗೆ ವಾರ್ತೆ, ವಾಗ್ವಾದಗಳನ್ನು ನೋಡುತ್ತಿದ್ದೆ. ಮೊಮ್ಮಗನು ಇದನ್ನು ಬಲ್ಲವನಾಗಿದ್ದೂ ಅಂದು ಪಾರಣೆಯ ಹೊತ್ತಿನಲ್ಲಿ ಎತ್ತಿ ಆಡಲಿಲ್ಲ. ಅದು ಅವನ ಸೌಜನ್ಯ.

ಇನ್ನು ಎದುರುವಾದವನ್ನು ನೋಡೋಣ. ಮಗು ಬೆಂಕಿಗೆ ಕೈಯಿಡುವಾಗ ಅದರ ಸಂಕಲ್ಪಕ್ಕಾಗಿ ಕಾಯುತ್ತ ನಿಲ್ಲುವರೇ ಎಂದು ಕೆಲವರು ಕೇಳುವರು. ಈ ವಾದದಲ್ಲಿ ಹುರುಳಿದೆ. ಎಳೆಯ ಮಗುವಿಗೆ ಕೊಡದಿರುವುದೇ ರಕ್ಷಣೆ. ಅಲ್ಲಿ ವ್ರತದ ಮಾತಿಲ್ಲ. ಹಣ ಕಟ್ಟಿ ಆಡುವ ಆಟ, ಅಪರಿಚಿತರ ಬೆದರಿಕೆ, ಅಶ್ಲೀಲ ಚಿತ್ರಗಳು ಇಂಥವುಗಳಿಂದ ಹದಿಹರೆಯದವರನ್ನು ತಡೆಯುವುದು ತಾಯಿತಂದೆಯರ ಕರ್ತವ್ಯವೇ ಸರಿ. ರಾಜ್ಯವ್ಯವಸ್ಥೆಗಳೂ ಈಗ ಈ ದಿಕ್ಕಿನಲ್ಲಿ ನಡೆಯುತ್ತಿವೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಆಸ್ಟ್ರೇಲಿಯಾ ದೇಶದಲ್ಲಿ 16 ವರ್ಷಕ್ಕೆ ಕೆಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ತಡೆಯುವ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿತು. ಆದರೆ ಬೇಲಿ ಬೇರೆ, ವ್ರತ ಬೇರೆ. ಬೇಲಿಯು ಬೆಳೆಯನ್ನು ಕಾಯುತ್ತದೆ. ಬೆಳೆಯುವ ಶಕ್ತಿಯನ್ನು ಅದು ಕೊಡಲಾರದು. ಇಂದಲ್ಲ ನಾಳೆ ಹುಡುಗ ಓದಿಗಾಗಿ ಊರು ಬಿಟ್ಟು ಹೋಗುತ್ತಾನೆ. ಅಲ್ಲಿ ನಮ್ಮ ಬೀರುವೂ ಇಲ್ಲ, ಬೀಗದ ಕೈಯೂ ಇಲ್ಲ. ಅಂದು ಅವನ ಜೊತೆಗೆ ಹೋಗಬಲ್ಲದ್ದು ಅವನೇ ಮಾಡಿಕೊಂಡ ನಿಯಮ ಮಾತ್ರ. ಎಂಟು ವರ್ಷ ತುಂಬಿದ ಮನುಷ್ಯನು ವ್ರತಗ್ರಹಣಕ್ಕೆ ಅರ್ಹನೆಂದು ನಮ್ಮ ಪರಂಪರೆ ಒಪ್ಪಿರುವಾಗ, ಹದಿನೈದರ ಹುಡುಗನಿಗೆ ಸಂಕಲ್ಪಶಕ್ತಿಯೇ ಇಲ್ಲವೆಂದು ಭಾವಿಸುವುದು ಉಚಿತವಲ್ಲ.

ಊರಿಗೆ ಊರೇ ಕೂಡಿ ನಿಯಮ ಹಿಡಿದ ಉದಾಹರಣೆಗಳೂ ಇವೆ. ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮದಲ್ಲಿ 2022ರಿಂದ ಸಂಜೆ 7 ಗಂಟೆಗೆ ದೇವಾಲಯದ ಸೈರನ್ ಮೊಳಗಿದೊಡನೆ ಮನೆಮನೆಗಳಲ್ಲಿ ಟಿ.ವಿ., ಮೊಬೈಲುಗಳನ್ನು ಆರಿಸಿ ಒಂದೂವರೆ ಗಂಟೆ ಕಾಲ ಮಕ್ಕಳು ಓದಲು ಕೂರುವ ಪದ್ಧತಿ ಆರಂಭವಾಯಿತು. ಮಕ್ಕಳ ಜೊತೆಗೆ ದೊಡ್ಡವರ ಪರದೆಯೂ ಆರಬೇಕೆಂಬುದು ಅದರ ಮರ್ಮ. ಅದೇ ವರ್ಷ ಪರ್ಯುಷಣ ಕಾಲದಲ್ಲಿ ಮಧ್ಯಪ್ರದೇಶದ ರಾಯಸೇನ ಜಿಲ್ಲೆಯ ಬೇಗಂಗಂಜ್‌ನಲ್ಲಿ ಸುಮಾರು ಸಾವಿರ ಮಂದಿ ಜೈನರು 24 ಗಂಟೆಗಳ ಕಾಲ ಮೊಬೈಲು, ಇಂಟರ್‌ನೆಟ್ಟುಗಳನ್ನು ತ್ಯಜಿಸಿ ಅದನ್ನು ಒಂದು ಉಪವಾಸವಾಗಿಯೇ ಆಚರಿಸಿದರು. ಸೈರನ್ನಿನಲ್ಲಾಗಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಾಗಲಿ ಮಹಿಮೆಯಿಲ್ಲ. ಹಿರಿಯರೂ ಕಿರಿಯರೂ ಒಂದೇ ಎಲ್ಲೆಯೊಳಗೆ ಬಂದದ್ದರಲ್ಲಿ ಇದೆ.

ಹಾಗಾದರೆ ನಿಯಮದ ರೂಪ ಹೇಗಿರಬೇಕು? ಕಾಲದ ಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ ಎಂದು ರತ್ನಕರಂಡಕವು ವಿಂಗಡಿಸಿದೆ. ಹದಿಹರೆಯದವರಿಗೆ ಯಮವನ್ನು ಹೊರಿಸಬಾರದು. "ಇನ್ನು ಮುಟ್ಟುವುದೇ ಇಲ್ಲ" ಎಂದು ಆಣೆ ಹಾಕಿಸಿದರೆ ಅದು ಮುರಿಯುವುದು ಖಂಡಿತ, ಮುರಿದ ಮೇಲೆ ಎಲ್ಲ ವ್ರತಗಳ ಮೇಲೂ ಅವರಿಗೆ ಅನಾದರ ಹುಟ್ಟುವುದು. ಒಂದು ಪಕ್ಷದ, ಹೆಚ್ಚೆಂದರೆ ಒಂದು ತಿಂಗಳ ನಿಯಮ ಸಾಕು. ಕ್ಷೇತ್ರದ ಮಿತಿ ಮೊದಲು: ಮಲಗುವ ಕೋಣೆ, ಊಟದ ಸ್ಥಳ, ದೇವರ ಕೋಣೆ ಇವುಗಳೊಳಗೆ ಮೊಬೈಲಿಗೆ ಪ್ರವೇಶವಿಲ್ಲ. ಕಾಲದ ಮಿತಿ ಅನಂತರ: ಬಾಯಿಗೆ ಹಾಕಿಕೊಂಡ ಸೂರ್ಯಾಸ್ತದ ಎಲ್ಲೆಯನ್ನೇ ಕಣ್ಣಿಗೂ ಹಾಕಿಕೊಂಡು, ಓದಿಗೆ ಅಗತ್ಯವಿದ್ದರೆ ಒಂದು ಮುಹೂರ್ತದಷ್ಟು ಮಾತ್ರ ಎಲ್ಲರೂ ಕೂರುವ ಪಡಸಾಲೆಯಲ್ಲಿ ಬಳಸುವುದು. ಮಲಗುವ ಹೊತ್ತಿನಲ್ಲಿ ಪರದೆಯ ಬೆಳಕು ನಿದ್ರೆಯನ್ನು ಹಿಂದಕ್ಕೆ ತಳ್ಳುವುದೆಂದು ವೈದ್ಯರೂ ಹೇಳುತ್ತಾರೆ. ಅಷ್ಟಮಿ, ಚತುರ್ದಶಿಗಳ ಪ್ರೋಷಧದಲ್ಲಿ ಕರೆಗಳನ್ನು ಬಿಟ್ಟು ಉಳಿದುದೆಲ್ಲವನ್ನೂ ತ್ಯಜಿಸಬಹುದು. ಇಂದ್ರಿಯಗಳು ತಮ್ಮ ವಿಷಯಗಳನ್ನು ಬಿಟ್ಟು ಆತ್ಮನ ಸಮೀಪದಲ್ಲಿ ನೆಲೆಸುವುದೇ ಉಪವಾಸವಾದುದರಿಂದ, ಹೊಟ್ಟೆ ಖಾಲಿಯಿದ್ದು ಕಣ್ಣು ತುಂಬಿದ್ದರೆ ಅದು ಅರೆ ಉಪವಾಸ. ಶಾಲೆಯ ಸೂಚನೆ, ಅನಾರೋಗ್ಯ, ಪ್ರಯಾಣ, ಹಣ ಪಾವತಿ ಇಂಥ ವಿನಾಯಿತಿಗಳನ್ನು ಸಂಕಲ್ಪದ ಸಮಯದಲ್ಲಿಯೇ ಬಾಯಿಬಿಟ್ಟು ಹೇಳಬೇಕು. ಮುಂಚೆ ಹೇಳಿದ್ದು ವಿನಾಯಿತಿ, ಆಮೇಲೆ ಹುಡುಕಿದ್ದು ನೆಪ.

ಬಿಟ್ಟ ಜಾಗವನ್ನು ಬರಿದಾಗಿ ಇಡಬಾರದೆಂಬುದೂ ಮುಖ್ಯ. ಉಪವಾಸದ ದಿನ ಸ್ವಾಧ್ಯಾಯವನ್ನು ಹೇಳಿರುವುದು ಇದಕ್ಕಾಗಿಯೇ. ಸಂಜೆ ಆಟದ ಬಯಲು, ರಾತ್ರಿ ಮನೆಯವರೊಡನೆ ಮಾತು, ಕೈಗೆ ಒಂದು ಪುಸ್ತಕ, ಇಷ್ಟನ್ನು ನಾವು ಒದಗಿಸದಿದ್ದರೆ ಹುಡುಗನ ನಿಯಮ ಬೇಸರಕ್ಕೆ ತಿರುಗುತ್ತದೆ. ಮೊಬೈಲಿನಲ್ಲೂ ಶಾಸ್ತ್ರವಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ನಾಡು ನಮ್ಮದು. ಜ್ಞಾನವನ್ನು ಹರಡುವ ಸಾಧನವನ್ನು ನಾವು ಹಳಿಯಲಾರೆವು. ಆದರೆ ತಾಳೆಗರಿಯ ಓಲೆ ಓದುವವನನ್ನು ಓದಿನ ನಡುವೆ ಬೇರೆಡೆಗೆ ಎಳೆದೊಯ್ಯುತ್ತಿರಲಿಲ್ಲ.

ಕೆಲವು ಮಕ್ಕಳಲ್ಲಿ ಇದು ಪ್ರಮಾದದ ಎಲ್ಲೆ ದಾಟಿ ವ್ಯಾಧಿಯ ರೂಪ ತಾಳುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ 2022ರಿಂದ ಆಟದ ವ್ಯಸನಕ್ಕೆ ಸ್ಥಾನ ದೊರೆತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ಇಂಥವರಿಗಾಗಿ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು. ನಿದ್ರೆ, ಊಟ, ಶಾಲೆ, ಗೆಳೆತನಗಳೆಲ್ಲ ಕೆಟ್ಟಿದ್ದರೆ, ಮಗು ಜೀವದ ಮೇಲಿನ ಬೇಸರದ ಮಾತಾಡಿದರೆ, ವ್ರತೋಪದೇಶ ಮಾಡುತ್ತ ಕಾಲ ಕಳೆಯದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರೂ ಕರೆ ಮಾಡಬಹುದು. ರೋಗಿಗೆ ಔಷಧ ಕೊಡಿಸುವುದೂ ಧರ್ಮವೇ.

ನಮ್ಮ ಮನೆಯ ಕಥೆಯನ್ನು ಪೂರ್ತಿ ಮಾಡುತ್ತೇನೆ. ಒಂದು ಚತುರ್ದಶಿಯಂದು ನಾನು ನನ್ನ ಮೊಬೈಲನ್ನು ಮೊಮ್ಮಗನ ಮುಂದಿಟ್ಟು, "ನೀನು ಅಂದು ಕೇಳಿದ್ದು ಸರಿ. ಕಿತ್ತುಕೊಂಡದ್ದು ವ್ರತವಲ್ಲ. ನನಗೂ ಈ ದೋಷವಿದೆ. ನಾನು ಹದಿನೈದು ದಿನದ ನಿಯಮ ಹಿಡಿಯುತ್ತೇನೆ, ನೀನೂ ಹಿಡಿಯುವೆಯಾದರೆ ಎಲ್ಲೆಯನ್ನು ನೀನೇ ಹೇಳು" ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಬಳಿಕ, "ಅಪ್ಪನೂ ಹಿಡಿಯಬೇಕು" ಎಂದ. ನನ್ನ ಮಗ ಬೀರುವಿನ ಬೀಗ ತೆಗೆದು ಮೊಬೈಲನ್ನು ಹುಡುಗನ ಕೈಗೆ ಕೊಟ್ಟ. ಗೆಳೆಯನ ಮೊಬೈಲನ್ನು ಹುಡುಗ ಮರುದಿನ ಹಿಂದಿರುಗಿಸಿದ. ಅಂದಿನಿಂದ ಸೂರ್ಯಾಸ್ತದ ಹೊತ್ತಿಗೆ ಮನೆಯ ನಾಲ್ಕು ಮೊಬೈಲುಗಳು ಪಡಸಾಲೆಯ ಗೂಡಿನಲ್ಲಿ ಸೇರುತ್ತವೆ. ಗೂಡಿಗೆ ಬಾಗಿಲಿಲ್ಲ, ಬೀಗವೂ ಇಲ್ಲ.

ಆ ಹದಿನೈದು ದಿನಗಳಲ್ಲಿ ಅವನ ನಿಯಮ ಮೂರು ಸಲ ಭಂಗವಾಯಿತು, ನನ್ನದು ಐದು ಸಲ. ಅವನ ಮೂರು ಭಂಗಗಳನ್ನು ನಾವು ಯಾರೂ ಹಿಡಿಯಲಿಲ್ಲ. ಪ್ರತಿಸಲವೂ ಬೆಳಗ್ಗೆ ಅವನೇ ಬಂದು ಹೇಳಿದ. ಬೀಗ ಹಾಕಿದ್ದಾಗ ಸುಳ್ಳು ಹೇಳಿದ ಬಾಯಿ, ಬೀಗ ತೆಗೆದ ಮೇಲೆ ತನ್ನ ದೋಷವನ್ನು ತಾನೇ ನಿವೇದಿಸಿಕೊಂಡಿತು. ಪ್ರತಿಕ್ರಮಣವೆಂದರೆ ಇದಲ್ಲವೆ? ದೋಷವಾಗದಂತೆ ಕಾಯುವುದು ದೊಡ್ಡದು. ಆದ ದೋಷವನ್ನು ಅಡಗಿಸದಿರುವುದು ಅದಕ್ಕೆ ಮೊದಲ ಮೆಟ್ಟಿಲು. ಈಗ ಅವನು ಎರಡನೆಯ ಪಕ್ಷದ ನಿಯಮದಲ್ಲಿದ್ದಾನೆ. ಮುಂದೆ ಹೇಗೋ ನಾನರಿಯೆ.

ಸಹೃದಯ ಶ್ರಾವಕ ಶ್ರಾವಿಕೆಯರೇ, ಬರುವ ಚತುರ್ದಶಿಯಂದು ನಿಮ್ಮ ಮನೆಯ ಮಕ್ಕಳ ಕೈಯತ್ತ ನೋಡುವ ಮುನ್ನ ನಿಮ್ಮ ಕೈಯನ್ನೊಮ್ಮೆ ನೋಡಿಕೊಳ್ಳಿ. ಕಿತ್ತುಕೊಳ್ಳುವುದಕ್ಕೆ ಬಲವೊಂದಿದ್ದರೆ ಸಾಕು. ಬಿಡುವುದನ್ನು ಕಲಿಸಬೇಕಾದರೆ ಮೊದಲು ನಾವು ಬಿಟ್ಟಿರಬೇಕು.